ನಾಕೌಟ್ ಆಗಿದೆ ಅಂತ ಸೀಕ್ವೆನ್ಸ್ ಹೇಳುತ್ತಿದೆ, ಬ್ಲಾಟ್‌ನಲ್ಲಿ ಬ್ಯಾಂಡ್ ಮಾತ್ರ ಹೋಗಿಲ್ಲ

ಕೋಶದ_ಹುಡುಗಿ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಕೋಶ ಕೆಲಸ ಮಾಡಿದವರು ಯಾರಾದರೂ ದಾರಿ ತೋರಿಸಿ.

ಎಚ್‌ಇಕೆ293 ಅನ್ನುವ, ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕೋಶಗಳಲ್ಲಿ ಒಂದು ಜೀನನ್ನು ಕ್ರಿಸ್ಪರ್‌ನಿಂದ (ಡಿಎನ್‌ಎ ಕತ್ತರಿಸುವ ವಿಧಾನ) ನಾಕೌಟ್ ಮಾಡಬೇಕಿತ್ತು, ಅಂದರೆ ಅದರ ಪ್ರೊಟೀನ್ ಬರದ ಹಾಗೆ ಕೆಡಿಸಬೇಕಿತ್ತು. ಪೇಪರ್ ಇನ್ನೂ ಆಗಿಲ್ಲ, ಹಾಗಾಗಿ ಜೀನ್ ಹೆಸರು ಬರೆಯುವ ಹಾಗಿಲ್ಲ, ಬೇಜಾರಾಗಬೇಡಿ. ಎಲ್ಲಿ ಕತ್ತರಿಸಬೇಕು ಅಂತ ತೋರಿಸುವ ಗೈಡ್ ಆರ್‌ಎನ್‌ಎ ಎರಡನೇ ಎಕ್ಸಾನ್ (ಜೀನಿನಲ್ಲಿ ಎಂಆರ್‌ಎನ್‌ಎಗೆ ಉಳಿಯುವ ತುಂಡು) ಮೇಲಿದೆ, ಕಟ್ ಆಗುವುದು ಸುಮಾರು 31ನೇ ಅಮೈನೋ ಆಸಿಡ್ ಹತ್ತಿರ. ಕತ್ತರಿಸುವ ಕ್ಯಾಸ್9 ಮತ್ತು ಗೈಡ್ ಒಂದೇ ಪ್ಲಾಸ್ಮಿಡ್‌ನಲ್ಲಿ (ಕೋಶಕ್ಕೆ ಹಾಕುವ ಡಿಎನ್‌ಎ ಉಂಗುರ). ಎರಡು ದಿನ ಪ್ಯೂರೋಮೈಸಿನ್ ಹಾಕಿದೆ (ಪ್ಲಾಸ್ಮಿಡ್ ಸೇರದ ಕೋಶಗಳನ್ನು ಕೊಲ್ಲುವ ಔಷಧ), ಬದುಕಿದ ಕೋಶಗಳನ್ನು ಎಣಿಸಿ 96 ವೆಲ್ ಪ್ಲೇಟಿಗೆ ವೆಲ್‌ಗೆ ಒಂದು ಕೋಶದ ಲೆಕ್ಕದಲ್ಲಿ ಹಂಚಿದೆ, ಮೂರು ವಾರ ಕಾದೆ. 41 ಕ್ಲೋನ್ (ಒಂದೇ ಕೋಶದಿಂದ ಬೆಳೆದ ಗುಂಪು) ಸಿಕ್ಕವು. ಅದರಲ್ಲಿ ಒಂದು ನೋಡಲು ತುಂಬಾ ಚೆನ್ನಾಗಿದೆ. ಸ್ಯಾಂಗರ್ ಸೀಕ್ವೆನ್ಸ್‌ನ ಟ್ರೇಸನ್ನು ಟೈಡ್ ಅನ್ನುವ ಲೆಕ್ಕದ ಪ್ರೋಗ್ರಾಮ್‌ಗೆ ಹಾಕಿದರೆ ಶೇ 62 ಮೈನಸ್ 7 (ಏಳು ಬೇಸ್ ಹೋಗಿದೆ), ಶೇ 33 ಪ್ಲಸ್ 1 (ಒಂದು ಬೇಸ್ ಸೇರಿದೆ). ಎರಡೂ ಫ್ರೇಮ್, ಅಂದರೆ ಮೂರು ಮೂರು ಬೇಸ್ ಓದುವ ಸಾಲು, ತಪ್ಪಿಸುವಂಥವು. ಅವತ್ತು ಲ್ಯಾಬಿನಲ್ಲಿ ಎಲ್ಲರಿಗೂ ಸಿಹಿ ಹಂಚಿದೆ.

ಆಮೇಲೆ ವೆಸ್ಟರ್ನ್ ಬ್ಲಾಟ್ ಮಾಡಿದೆ, ಅಂದರೆ ಪ್ರೊಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ನಮ್ಮದನ್ನು ಆಂಟಿಬಾಡಿಯಿಂದ ಹುಡುಕಿದೆ. ನಮ್ಮ ಪ್ರೊಟೀನ್ 55 ಕಿಲೋಡಾಲ್ಟನ್ (ಪ್ರೊಟೀನಿನ ತೂಕದ ಅಳತೆ). ಮಾಮೂಲಿ ಕೋಶದ ಲೇನಿನಲ್ಲಿ 55ಕ್ಕೆ ದಪ್ಪ ಬ್ಯಾಂಡ್ ಇದೆ, ಸರಿ. ಕ್ಲೋನಿನ ಲೇನಿನಲ್ಲಿ 55ಕ್ಕೆ ತೆಳ್ಳಗೆ ಒಂದು ಗೆರೆ ಉಳಿದಿದೆ. ಅದರ ಕೆಳಗೆ, 46ರ ಹತ್ತಿರ, ಮಾಮೂಲಿ ಕೋಶದಲ್ಲಿ ಇಲ್ಲವೇ ಇಲ್ಲದ ಒಂದು ಹೊಸ ಬ್ಯಾಂಡ್ ಬಂದಿದೆ. ಮೂರು ಸಲ ಮಾಡಿದೆ, ಮೂರು ಸಲವೂ ಹೀಗೇ. ಆಂಟಿಬಾಡಿ ಸರಿಯಿಲ್ಲ, ಸೀಕ್ವೆನ್ಸ್ ಇದೆಯಲ್ಲ ಮುಂದೆ ಹೋಗು ಅಂತ ನಮ್ಮ ಪ್ರೊಫೆಸರ್ ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಸೀಕ್ವೆನ್ಸ್_ಓದುಗ

ನಿಮ್ಮ ಪ್ರೊಫೆಸರ್ ಹೇಳುವುದರಲ್ಲಿ ಅರ್ಥ ಇದೆ. ಎಚ್‌ಇಕೆ293ರಲ್ಲಿ ತುಂಬಾ ಕ್ರೋಮೋಸೋಮ್‌ಗಳು ಮೂರು ಮೂರು ಪ್ರತಿ ಇರುತ್ತವೆ. ನಿಮ್ಮ ಜೀನ್ ಮೂರು ಪ್ರತಿ ಇದ್ದರೆ ಎರಡು ಪ್ರತಿಯಲ್ಲಿ ಮೈನಸ್ 7, ಒಂದರಲ್ಲಿ ಪ್ಲಸ್ 1. 62ಕ್ಕೂ 33ಕ್ಕೂ ಲೆಕ್ಕ ಸರಿಯಾಗಿ ಕೂರುತ್ತದೆ. ಡಿಎನ್‌ಎ ಹಂತದಲ್ಲಿ ಕೆಲಸ ಆಗಿದೆ. ಆಂಟಿಬಾಡಿಗಳು ಇನ್ನೇನನ್ನೋ ಹಿಡಿಯುವುದು ಎಲ್ಲರೂ ಕಂಡಿದ್ದೇ. ಕೆನಡಾದ ಮಾಂಟ್ರಿಯಲ್‌ನಿಂದ ನಡೆಯುವ ವೈಕ್ಯಾರೋಸ್ ತಂಡ 65 ಪ್ರೊಟೀನ್‌ಗಳಿಗೆ ಮಾರಾಟದಲ್ಲಿರುವ 614 ಆಂಟಿಬಾಡಿಗಳನ್ನು ನಾಕೌಟ್ ಕೋಶಗಳ ಪಕ್ಕ ಇಟ್ಟು ಪರೀಕ್ಷೆ ಮಾಡಿತ್ತು, 2023ರಲ್ಲಿ ಪ್ರಕಟವಾಯಿತು. ತಮ್ಮ ಗುರಿಯನ್ನು ಹಿಡಿಯದ ಆಂಟಿಬಾಡಿಗಳು ಅದರಲ್ಲಿ ಬೇಕಾದಷ್ಟಿದ್ದವು, ಅಂಥವನ್ನೇ ಬಳಸಿ ಪ್ರಕಟವಾದ ಪೇಪರ್‌ಗಳೂ ಇದ್ದವು.

ಬ್ಲಾಟ್_ಅಕ್ಕ

ಓದುಗರೇ, ಅಷ್ಟು ಬೇಗ ಬಿಡಬೇಡಿ. ವೈಕ್ಯಾರೋಸ್ ಕೆಲಸ ನಿಂತಿರುವುದೇ ನಾಕೌಟ್ ಕೋಶ ಸರಿಯಾಗಿದೆ ಅನ್ನುವುದರ ಮೇಲೆ. ಇಲ್ಲಿ ಪ್ರಶ್ನೆ ಇರುವುದೇ ನಾಕೌಟ್ ಮೇಲೆ. ಆಂಟಿಬಾಡಿಯಿಂದ ನಾಕೌಟನ್ನು ನೋಡಿ, ಅದೇ ನಾಕೌಟ್ ತೋರಿಸಿ ಆಂಟಿಬಾಡಿ ಕೆಟ್ಟದ್ದು ಅಂದರೆ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತೇವೆ.

ತಂಗಿ, ನೀನು ಮನಸ್ಸು ಒಪ್ಪುತ್ತಿಲ್ಲ ಅಂತ ಬರೆದಿದ್ದೀಯಲ್ಲ, ಅದು ಸರಿಯಾದ ಮನಸ್ಸು. ಅದನ್ನು ಬಿಡಬೇಡ. ಈಗ ನನಗೆ ಇಷ್ಟು ಹೇಳು. ಆಂಟಿಬಾಡಿ ಪ್ರೊಟೀನಿನ ಯಾವ ತುದಿಯನ್ನು ಹಿಡಿಯುತ್ತದೆ, ಎನ್ ತುದಿಯಾ (ಶುರು) ಸಿ ತುದಿಯಾ (ಕೊನೆ)? ಎರಡನೇ ಎಕ್ಸಾನ್ ಎಷ್ಟು ಬೇಸ್ ಉದ್ದ? ಕ್ಲೋನ್ ಮಾಮೂಲಿ ಕೋಶಕ್ಕಿಂತ ನಿಧಾನ ಬೆಳೆಯುತ್ತಾ? ಬ್ಲಾಟ್ ಮಾಡಿದಾಗ ಎಷ್ಟನೇ ಪ್ಯಾಸೇಜ್, ಅಂದರೆ ಕೋಶಗಳನ್ನು ಎಷ್ಟು ಸಲ ಒಡೆದು ಹೊಸ ಪಾತ್ರೆಗೆ ಹಾಕಿದ್ದೆ? ಮೈಕೋಪ್ಲಾಸ್ಮಾ (ಕೋಶಗಳಿಗೆ ಅಂಟುವ ಬ್ಯಾಕ್ಟೀರಿಯಾ) ಪಿಸಿಆರ್ ಯಾವಾಗ ಮಾಡಿದ್ದು?

ಇನ್ನೊಂದು ಮಾತು. 55ರ ಗೆರೆ ಮತ್ತು 46ರ ಬ್ಯಾಂಡ್ ಎರಡನ್ನೂ ಒಂದೇ ಸಮಸ್ಯೆ ಅಂತ ನೋಡಬೇಡ. ಎರಡು ಬೇರೆ ಬೇರೆ ಕಥೆ ಇರಬಹುದು.

ಕೋಶದ_ಹುಡುಗಿ

ಅಕ್ಕ, ಸಿ ತುದಿ. ರ‍್ಯಾಬಿಟ್ ಪಾಲಿಕ್ಲೋನಲ್. ಎಕ್ಸಾನ್ 2 ಉದ್ದ 142 ಬೇಸ್. ಹೌದು, ಕ್ಲೋನ್ ನಿಧಾನ, ಮಾಮೂಲಿ ಕೋಶಗಳನ್ನು ಮೂರು ದಿನಕ್ಕೆ ಒಡೆದರೆ ಇದನ್ನು ಐದು ದಿನಕ್ಕೆ ಒಡೆಯುತ್ತಿದ್ದೆ. ಈಗೀಗ ಸ್ವಲ್ಪ ಚುರುಕಾಗಿದೆ. ಬ್ಲಾಟ್ ಮಾಡಿದ್ದು 12ನೇ ಪ್ಯಾಸೇಜ್‌ನಲ್ಲಿ, ಸೀಕ್ವೆನ್ಸ್‌ಗೆ ಡಿಎನ್‌ಎ ತೆಗೆದದ್ದು 5ನೇ ಪ್ಯಾಸೇಜ್‌ನಲ್ಲಿ. ಮೈಕೋಪ್ಲಾಸ್ಮಾ ಹೋದ ತಿಂಗಳು ನೋಡಿದ್ದೆ, ಇಲ್ಲ.

ಬ್ಲಾಟ್_ಅಕ್ಕ

ಬಂಗಾರದಂಥ ಉತ್ತರ ಕೊಟ್ಟಿದ್ದೀಯ. ಮೊದಲು 46 ತೆಗೆದುಕೊಳ್ಳೋಣ.

55ರಲ್ಲಿ 46 ಕಳೆದರೆ 9 ಕಿಲೋಡಾಲ್ಟನ್. ಒಂದು ಅಮೈನೋ ಆಸಿಡ್ ಸರಾಸರಿ 110 ಡಾಲ್ಟನ್. 9000 ಭಾಗಿಸು 110, ಸುಮಾರು 82. ಅಂದರೆ ಶುರುವಿನ 80ರಷ್ಟು ಅಮೈನೋ ಆಸಿಡ್ ಇಲ್ಲದ, ಉಳಿದದ್ದೆಲ್ಲ ಇರುವ ಪ್ರೊಟೀನ್. ಸಿ ತುದಿ ಹಿಡಿಯುವ ಆಂಟಿಬಾಡಿಗೆ ಅದು ಕಂಡೇ ಕಾಣುತ್ತದೆ. ನಿನ್ನ ಪ್ರೊಟೀನ್ ಸೀಕ್ವೆನ್ಸ್ ತೆಗೆದು 75ರಿಂದ 95ರ ಒಳಗೆ ಮೆಥಿಯೋನಿನ್ (ಓದು ಶುರುವಾಗುವ ಎಯುಜಿ ಕೋಡಾನ್ ಕೊಡುವ ಅಮೈನೋ ಆಸಿಡ್) ಇದೆಯಾ ನೋಡು.

ಎಕ್ಸಾನ್ ಉದ್ದ ಕೇಳಿದ್ದಕ್ಕೂ ಕಾರಣ ಇದೆ. ಕಟ್ ಆದ ಎಕ್ಸಾನನ್ನು ಕೋಶ ಕೆಲವೊಮ್ಮೆ ಪೂರ್ತಿ ಬಿಟ್ಟು ಉಳಿದವನ್ನು ಸ್ಪ್ಲೈಸ್ ಮಾಡುತ್ತದೆ, ಅಂದರೆ ಜೋಡಿಸುತ್ತದೆ. ಆ ಎಕ್ಸಾನಿನ ಉದ್ದ ಮೂರರಿಂದ ಭಾಗವಾದರೆ ಫ್ರೇಮ್ ಕೆಡುವುದಿಲ್ಲ, ಸ್ವಲ್ಪ ಚಿಕ್ಕದಾದ ಪ್ರೊಟೀನ್ ಬರುತ್ತದೆ. 142 ಮೂರರಿಂದ ಭಾಗವಾಗುವುದಿಲ್ಲ, ಹಾಗಾಗಿ ಆ ದಾರಿಯ ಅನುಮಾನ ಕಡಿಮೆ. ಆದರೂ ಎಂಆರ್‌ಎನ್‌ಎ ಉದ್ದ ನೋಡಲು ಒಂದು ಆರ್‌ಟಿ-ಪಿಸಿಆರ್ ಮಾಡಿಬಿಡು, ಎಕ್ಸಾನ್ 1ರಿಂದ 4ಕ್ಕೆ ಪ್ರೈಮರ್ ಇಟ್ಟು. ಅರ್ಧ ದಿನದ ಕೆಲಸ.

ಎಂಎಸ್ಸಿ_ಎರಡನೇವರ್ಷ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಫ್ರೇಮ್ ತಪ್ಪಿದರೆ ಸ್ಟಾಪ್ ಕೋಡಾನ್ ಬರುತ್ತದೆ, ಅಲ್ಲಿಗೆ ಪ್ರೊಟೀನ್ ನಿಲ್ಲುತ್ತದೆ ಅಂತ ಕ್ಲಾಸಿನಲ್ಲಿ ಹೇಳಿದ್ದರು. ಆಮೇಲೂ ಪ್ರೊಟೀನ್ ಹೇಗೆ ಬರುತ್ತದೆ?

ಬ್ಲಾಟ್_ಅಕ್ಕ

ಕ್ಷಮೆ ಯಾಕಪ್ಪ, ಇದು ಎಲ್ಲರೂ ಕೇಳಬೇಕಾದ ಪ್ರಶ್ನೆ. ನಾನು ನಮ್ಮ ಲ್ಯಾಬಿಗೆ ಬರುವ ಹೊಸ ಮಕ್ಕಳಿಗೆ ಹೀಗೆ ಬರೆದು ತೋರಿಸುತ್ತೇನೆ.

ಕಮಲ ನಯನ ಗಗನ.

ಜಾಗ ಬಿಡದೆ ಬರೆದು, ಮೂರು ಮೂರು ಅಕ್ಷರ ಓದಬೇಕು. ಒಂದು ಅಕ್ಷರ ತೆಗೆ, ಮ ತೆಗೆದೆ ಅಂದುಕೋ. ಕಲನ ಯನಗ ಗನ. ಅಲ್ಲಿಂದ ಮುಂದೆ ಒಂದಕ್ಕೂ ಅರ್ಥವಿಲ್ಲ. ಇದು ಫ್ರೇಮ್ ತಪ್ಪುವುದು. ಮೂರು ಅಕ್ಷರ ತೆಗೆದರೆ, ನಯನ ಹೋಯಿತು, ಕಮಲ ಗಗನ ಉಳಿಯಿತು. ಒಂದು ಮಾತು ಕಡಿಮೆ, ಉಳಿದದ್ದು ಸರಿ. ಮೈನಸ್ 3, ಮೈನಸ್ 6 ಬಂದ ಕ್ಲೋನ್‌ಗಳನ್ನು ನಾವು ಬೇಡ ಅನ್ನುವುದು ಇದಕ್ಕೇ.

ಈಗ ನಿನ್ನ ಪ್ರಶ್ನೆ. ಪ್ರೊಟೀನ್ ತಯಾರಿಸುವ ರೈಬೋಸೋಮ್ ಎಂಆರ್‌ಎನ್‌ಎಯ ಶುರುವಿನ ತುದಿಯಿಂದ ಹುಡುಕುತ್ತಾ ಬಂದು ಎಯುಜಿ ಕಂಡಲ್ಲಿ ಓದಲು ಶುರು ಮಾಡುತ್ತದೆ. ಫ್ರೇಮ್ ತಪ್ಪಿ ಬೇಗನೇ ಸ್ಟಾಪ್ ಬಂದರೆ ನಿಲ್ಲುತ್ತದೆ, ನಿಜ. ಆದರೆ ಆಗ ಓದಿದ್ದು ತುಂಬಾ ಚಿಕ್ಕದಾಗಿದ್ದರೆ ಅದು ಎಂಆರ್‌ಎನ್‌ಎ ಬಿಟ್ಟು ಹೋಗದೆ ಮುಂದಕ್ಕೆ ಹುಡುಕಿಕೊಂಡು ಹೋಗಿ, ಮುಂದಿನ ಎಯುಜಿಯಲ್ಲಿ ಮತ್ತೆ ಶುರು ಮಾಡಬಹುದು. ಆ ಎಯುಜಿ ಕಟ್ ಆದ ಜಾಗದಿಂದ ಆಚೆ ಇದೆ, ಅಲ್ವಾ. ಅಲ್ಲಿಂದ ಮುಂದಿನ ಅಕ್ಷರ ಒಂದೂ ಕೆಟ್ಟಿಲ್ಲ. ನಯನದಿಂದ ಓದಲು ಶುರು ಮಾಡಿದರೆ ಕಮಲದಲ್ಲಿ ಏನಾಗಿತ್ತು ಅನ್ನುವುದು ಬೇಕಾಗುವುದೇ ಇಲ್ಲ.

ಕೋಶದ_ಹುಡುಗಿ (ಮಂಗಳವಾರ ಬೆಳಿಗ್ಗೆ)

ಅಕ್ಕ!! 84ನೇದು ಮೆಥಿಯೋನಿನ್. ಅದಕ್ಕೂ ಮುಂಚೆ 1 ಬಿಟ್ಟರೆ ಇನ್ನೊಂದು ಇಲ್ಲ. 84ರಿಂದ ಶುರುವಾದರೆ 83 ಹೋಗುತ್ತದೆ, 83 ಗುಣಿಸು 110, 9.1. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ಲಿನಲ್ಲಿ ಕೂತು ಬೆರಳಿಟ್ಟು ಎಣಿಸಿದೆ, ಕೈ ನಡುಗಿತು ನಿಜವಾಗಿ. ಇದಕ್ಕಿಂತ ಕೆಟ್ಟ ಸುದ್ದಿ ಅಂದರೆ ನಮ್ಮ ಪ್ರೊಟೀನಿನ ಕೆಲಸ ಮಾಡುವ ಭಾಗ ಶುರುವಾಗುವುದೇ 120ರ ಆಮೇಲೆ. ಅಂದರೆ ಆ 46ರ ತುಂಡು ಕೆಲಸ ಮಾಡುತ್ತಲೇ ಇರಬಹುದು.

ಸೀಕ್ವೆನ್ಸ್_ಓದುಗ

ನಾನು ನಿನ್ನೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. 46ರ ವಿಷಯದಲ್ಲಿ ಅಕ್ಕ ಹೇಳಿದ್ದೇ ಸರಿ. ಇದು ಅಪರೂಪವೂ ಅಲ್ಲ. 2019ರಲ್ಲಿ ಹ್ಯಾಪ್1 ಕೋಶಗಳಲ್ಲಿ 136 ಜೀನ್‌ಗಳ 193 ನಾಕೌಟ್‌ಗಳನ್ನು ಒಂದು ಗುಂಪು ಕೂತು ನೋಡಿತ್ತು. ಹ್ಯಾಪ್1ರಲ್ಲಿ ಹೆಚ್ಚುಕಡಿಮೆ ಎಲ್ಲ ಕ್ರೋಮೋಸೋಮ್‌ಗಳೂ ಒಂದೇ ಪ್ರತಿ, ಅಂದರೆ ನಾಕೌಟ್ ಮಾಡಲು ಅದಕ್ಕಿಂತ ಸುಲಭದ ಕೋಶ ಇಲ್ಲ. ಅಲ್ಲೂ ಡಿಎನ್‌ಎ ಲೆಕ್ಕದಲ್ಲಿ ಸರಿಯಾಗಿದ್ದ ನಾಕೌಟ್‌ಗಳಲ್ಲಿ, ಪ್ರೊಟೀನ್ ಅಳೆಯಲು ಆದವುಗಳ ಪೈಕಿ ಸುಮಾರು ಮೂರರಲ್ಲಿ ಒಂದರಲ್ಲಿ ಪ್ರೊಟೀನ್ ಉಳಿದಿತ್ತು. ಕಾರಣಗಳೂ ಇವೇ ಎರಡು, ಮುಂದಿನ ಎಯುಜಿಯಿಂದ ಶುರುವಾಗುವುದು, ಇಲ್ಲವೇ ಎಕ್ಸಾನ್ ಬಿಟ್ಟು ಹೋಗುವುದು. ಓದಿ ಮರೆತಿದ್ದೆ.

ಈಗ 55ರ ಗೆರೆಗೆ ಬರೋಣ, ಇದು ನನ್ನ ಕ್ಷೇತ್ರ. 62ಕ್ಕೆ 33 ಸೇರಿದರೆ 95. ಉಳಿದ 5 ಏನು? ಸ್ಯಾಂಗರ್‌ನಲ್ಲಿ ಅಷ್ಟು ಚಿಕ್ಕದು ಸಿಗ್ನಲ್ಲಾ ಗದ್ದಲವಾ ಅಂತ ಹೇಳಲು ಬರುವುದಿಲ್ಲ. ಆದರೆ ನೀವು ವೆಲ್‌ಗೆ ಒಂದು ಕೋಶ ಅಂತ ಹಂಚಿದ್ದೀರಿ. ಇಲ್ಲಿ ಬಹಳ ಜನ ಎಡವುತ್ತಾರೆ. ಸರಾಸರಿ ಒಂದು ಅಂದರೆ ಪ್ರತಿ ವೆಲ್‌ನಲ್ಲೂ ಒಂದು ಅಲ್ಲ. ಪ್ವಾಸೋನ್ ಅನ್ನುವ ಸಂಭವನೀಯತೆ ಲೆಕ್ಕದಲ್ಲಿ ಶೇ 37 ವೆಲ್ ಖಾಲಿ, ಶೇ 37ರಲ್ಲಿ ಒಂದು, ಶೇ 26ರಲ್ಲಿ ಎರಡು ಅಥವಾ ಜಾಸ್ತಿ. ಖಾಲಿ ಇರುವುದರಲ್ಲಿ ಏನೂ ಬೆಳೆಯುವುದಿಲ್ಲ, ಅದನ್ನು ಬಿಡಿ. ಬೆಳೆದ ವೆಲ್‌ಗಳನ್ನೇ ತೆಗೆದುಕೊಂಡರೆ 63ರಲ್ಲಿ 26, ಅಂದರೆ ಸುಮಾರು ಶೇ 42 ವೆಲ್‌ಗಳು ಒಂದಕ್ಕಿಂತ ಜಾಸ್ತಿ ಕೋಶದಿಂದ ಶುರುವಾದವು. ವೆಲ್‌ಗೆ 0.5 ಹಾಕಿದರೆ ಅದು ಶೇ 23. 0.3 ಹಾಕಿದರೆ ಶೇ 14. ಪ್ಲೇಟು ಜಾಸ್ತಿ ಖರ್ಚಾಗುತ್ತದೆ, ಆದರೂ 0.3 ಹಾಕುವುದೇ ವಾಸಿ. ಎಲ್ಲ ಕೋಶವೂ ಬದುಕುತ್ತದೆ ಅಂದುಕೊಂಡು ಮಾಡಿದ ಲೆಕ್ಕ ಇದು, ಅಂಟಿಕೊಂಡ ಜೋಡಿ ಕೋಶಗಳಿದ್ದರೆ ಇನ್ನೂ ಕೆಡುತ್ತದೆ.

ಹಂಚಿದ ಮಾರನೇ ದಿನ ಮೈಕ್ರೋಸ್ಕೋಪ್‌ನಲ್ಲಿ ವೆಲ್‌ಗಳನ್ನು ನೋಡಿದ್ದಿರಾ?

ಕೋಶದ_ಹುಡುಗಿ

ಇಲ್ಲ ಸರ್. ಐದನೇ ದಿನ ನೋಡಿದೆ. ಆಗಲೇ ಗುಂಪಾಗಿದ್ದವು.

ಬ್ಲಾಟ್_ಅಕ್ಕ

ಹಾಗಾದರೆ ನನ್ನ ಅನುಮಾನ ಇದು. ನಿನ್ನ ವೆಲ್‌ನಲ್ಲಿ ಎಡಿಟ್ ಆಗದ ಒಂದು ಕೋಶವೂ ಬಿದ್ದಿತ್ತು. ಪ್ಲಾಸ್ಮಿಡ್ ಒಳಗೆ ಹೋಗಿ ಪ್ಯೂರೋದಿಂದ ಬಚಾವಾಗಿದೆ, ಆದರೆ ಕಟ್ ಆಗಿಲ್ಲ. ನಾಕೌಟ್ ಕೋಶ ನಿಧಾನ, ಅದು ಚುರುಕು. ಪ್ರತಿ ಸಲ ಒಡೆದಾಗಲೂ ಅದರ ಪಾಲು ಏರುತ್ತಾ ಹೋಗುತ್ತದೆ. ಗದ್ದೆಯಲ್ಲಿ ಕಳೆ ಏಳುವ ಹಾಗೆ. ಈಗೀಗ ಕ್ಲೋನ್ ಚುರುಕಾಗಿದೆ ಅಂದೆಯಲ್ಲ, ಅದು ನನಗೆ ಹೆದರಿಕೆ ಹುಟ್ಟಿಸಿದ ಮಾತು.

5ನೇ ಪ್ಯಾಸೇಜ್‌ನ ಲೈಸೇಟ್ (ಕೋಶ ಒಡೆದು ತೆಗೆದ ಪ್ರೊಟೀನ್ ರಸ) ಇಟ್ಟಿದ್ದೀಯಾ? ಇದ್ದರೆ 5 ಮತ್ತು 12 ಅಕ್ಕಪಕ್ಕ ಒಂದೇ ಜೆಲ್‌ನಲ್ಲಿ ಓಡಿಸು. ಬಿಸಿಎಯಿಂದ ಪ್ರೊಟೀನ್ ಎಷ್ಟಿದೆ ಅಂತ ಅಳೆದು ಸಮ ತೂಕ ಹಾಕು. ಸಮ ಬಿದ್ದಿದೆಯಾ ಅಂತ ನೋಡಲು ಟ್ಯೂಬುಲಿನ್ ಪ್ರೊಟೀನ್ ಅದೇ ಮೆಂಬ್ರೇನ್ ಮೇಲೆ. ಆಂಟಿಬಾಡಿ ಇನ್ನೇನನ್ನೋ ಹಿಡಿಯುತ್ತಿದ್ದರೆ ಎರಡರಲ್ಲೂ 55 ಒಂದೇ ಥರ ಇರಬೇಕು. ಕಳೆ ಇದ್ದರೆ 12ರಲ್ಲಿ ದಪ್ಪ ಆಗಿರಬೇಕು. ಜೊತೆಗೆ ಆ ಜೀನಿಗೆ ಎಸ್‌ಐಆರ್‌ಎನ್‌ಎ (ಅದರ ಎಂಆರ್‌ಎನ್‌ಎಯನ್ನು ಕೆಡಿಸುವ ಚಿಕ್ಕ ಆರ್‌ಎನ್‌ಎ) ಇದ್ದರೆ ಕ್ಲೋನಿಗೆ ಹಾಕಿ ಮೂರು ದಿನ ಬಿಟ್ಟು ನೋಡು. 55ರ ಗೆರೆ ಇಳಿದರೆ ಅದು ನಿಜವಾಗಿ ನಿನ್ನ ಪ್ರೊಟೀನ್.

ಹೊರನಾಡ_ಪೋಸ್ಟ್‌ಡಾಕ್

ಜರ್ಮನಿಯಿಂದ ಬರೆಯುತ್ತಿದ್ದೇನೆ. ಇಷ್ಟೆಲ್ಲ ಓದಿ ಕೈ ಸುಮ್ಮನಿರಲಿಲ್ಲ. ನಾಕೌಟೇ ಬೇಕಾ ಅಂತ ಒಂದು ಸಲ ಯೋಚಿಸಿ. ನಿಮ್ಮ ಕ್ಲೋನ್ ನಿಧಾನ ಬೆಳೆಯುತ್ತದೆ ಅಂದರೆ ಆ ಪ್ರೊಟೀನ್ ಕೋಶಕ್ಕೆ ಬೇಕಾದದ್ದು. ತಿಂಗಳುಗಟ್ಟಲೆ ಅದಿಲ್ಲದೆ ಬೆಳೆಸಿದರೆ ಕೋಶ ಬೇರೆ ಜೀನ್‌ಗಳನ್ನು ಏರಿಸಿ ಹೇಗೋ ಹೊಂದಿಕೊಳ್ಳುತ್ತದೆ. ಕೊನೆಗೆ ನೀವು ಅಳೆಯುವುದು ಪ್ರೊಟೀನ್ ಇಲ್ಲದಿರುವುದನ್ನಲ್ಲ, ಕೋಶ ಹೊಂದಿಕೊಂಡಿರುವುದನ್ನು.

ನಾವು ಇಲ್ಲಿ ಡೆಗ್ರಾನ್ ಬಳಸುತ್ತೇವೆ. ಪ್ರೊಟೀನಿನ ತುದಿಗೆ ಒಂದು ಚಿಕ್ಕ ಟ್ಯಾಗ್ ಹಚ್ಚಿ, ಟಿಐಆರ್1 ಅನ್ನುವ ಗಿಡದ ಪ್ರೊಟೀನನ್ನೂ ಕೋಶಕ್ಕೆ ಸೇರಿಸುವುದು. ಗಿಡದ ಹಾರ್ಮೋನ್ ಆಕ್ಸಿನ್ ಹಾಕಿದರೆ ಟಿಐಆರ್1 ಆ ಟ್ಯಾಗನ್ನು ಹಿಡಿದು, ಪ್ರೊಟೀನ್ ಒಡೆಯುವ ಪ್ರೋಟಿಯಾಸೋಮ್‌ಗೆ ಕಳಿಸುತ್ತದೆ. ಬೆಳಿಗ್ಗೆ ಆಕ್ಸಿನ್ ಹಾಕಿ, ಚಹಾ ಕುಡಿದು ಬರುವಷ್ಟರಲ್ಲಿ ಪ್ರೊಟೀನ್ ಇಳಿಯಲು ಶುರುವಾಗಿರುತ್ತದೆ. ಆಕ್ಸಿನ್ ತೊಳೆದರೆ ವಾಪಸ್ ಬರುತ್ತದೆ. ಒಂದೇ ಕೋಶದಲ್ಲಿ ಮುಂಚೆ ಮತ್ತು ಆಮೇಲೆ ಎರಡನ್ನೂ ನೋಡಬಹುದು.

ಭತ್ತದ_ಬಯಾಲಜಿ

ಈ ಚರ್ಚೆಗೆ ನಾನು ಬರುತ್ತೇನೆ ಅಂದುಕೊಂಡಿರಲಿಲ್ಲ, ನನ್ನ ಕೆಲಸ ಗಿಡಗಳ ಮೇಲೆ. ಆದರೆ ಟಿಐಆರ್1 ಹೆಸರು ಕೇಳಿ ಸುಮ್ನೆ ಹೋಗಲಾಗಲಿಲ್ಲ. 2009ರಲ್ಲಿ ಜಪಾನಿನ ಗುಂಪು ಈ ವಿಧಾನ ತಂದಾಗ ಪ್ರಾಣಿ ಕೋಶಗಳಿಗೆ ಹಾಕಿದ್ದು ಭತ್ತದ ಟಿಐಆರ್1. ಲ್ಯಾಬಿನ ಸಾಸಿವೆ ಜಾತಿಯ ಗಿಡ ಅರಬಿಡೋಪ್ಸಿಸ್ ತಂಪಿನಲ್ಲಿ ಬೆಳೆಯುವುದು, ಅದರ ಪ್ರೊಟೀನ್ 37 ಡಿಗ್ರಿಯಲ್ಲಿ ಅಷ್ಟು ಚೆನ್ನಾಗಿ ನಿಲ್ಲಲಿಲ್ಲ. ಬಿಸಿಲಿನ ಬೆಳೆ ಭತ್ತದ್ದು ನಿಂತಿತು. ನಾವು ಗದ್ದೆಯಲ್ಲಿ ನೋಡುವ ಗಿಡದ ಜೀನ್ ಮನುಷ್ಯರ ಕೋಶದಲ್ಲಿ ಕೆಲಸ ಮಾಡುತ್ತಿದೆ ಅಂತ ಮೊದಲ ಸಲ ಓದಿದಾಗ ಎಷ್ಟು ಖುಷಿಯಾಗಿತ್ತೆಂದರೆ ಮನೆಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದ್ದೆ.

ಸೀಕ್ವೆನ್ಸ್_ಓದುಗ

ಡೆಗ್ರಾನ್ ಒಳ್ಳೆಯದೇ, ಆದರೆ ಎಚ್‌ಇಕೆಯಲ್ಲಿ ಮೂರೂ ಪ್ರತಿಗಳಿಗೆ ಟ್ಯಾಗ್ ಕೂರಿಸಬೇಕು. ಒಂದು ಪ್ರತಿ ಬಿಟ್ಟುಹೋದರೆ ಮತ್ತೆ ಇದೇ ಗೋಳು. ಟ್ಯಾಗ್ ಕೂರಿಸುವುದು ಸುಮ್ಮನೆ ಕಟ್ ಮಾಡುವುದಕ್ಕಿಂತ ತುಂಬಾ ಕಷ್ಟ. ಮೊದಲ ತಲೆಮಾರಿನ ಟ್ಯಾಗ್‌ನಲ್ಲಿ ಆಕ್ಸಿನ್ ಹಾಕದೆಯೇ ಪ್ರೊಟೀನ್ ಸ್ವಲ್ಪ ಸೋರುವ ತೊಂದರೆಯೂ ಇತ್ತು. 2020ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಟಿಐಆರ್1 ಬದಲಾಯಿಸಿ ಅದನ್ನು ಬಹಳ ಮಟ್ಟಿಗೆ ಸರಿ ಮಾಡಿದ್ದಾರೆ.

ಎಂಎಸ್ಸಿ_ಎರಡನೇವರ್ಷ

ಬೇಸ್ ಎಡಿಟರ್‌ನಿಂದ ನೇರವಾಗಿ ಸ್ಟಾಪ್ ಕೋಡಾನ್ ಹಾಕಬಹುದು ಅಂತ ಓದಿದ್ದೆ. ಡಿಎನ್‌ಎಯ ಎರಡೂ ಎಳೆ ಕತ್ತರಿಸುವುದೇ ಬೇಡವಲ್ಲ?

ಸೀಕ್ವೆನ್ಸ್_ಓದುಗ

ಚೆನ್ನಾಗಿ ಓದಿಕೊಂಡಿದ್ದೀರಿ. 2016ರಲ್ಲಿ ಸಿ ಅನ್ನು ಟಿ ಮಾಡುವ ಎಡಿಟರ್ ಬಂತು, ಅದರಿಂದ ಸಿಎಎ, ಸಿಎಜಿ, ಸಿಜಿಎಗಳನ್ನು ಸ್ಟಾಪ್ ಮಾಡಬಹುದು. ಎರಡೆಳೆ ಕಟ್ ಇಲ್ಲ ಅನ್ನುವುದು ದೊಡ್ಡ ಲಾಭ. ಕಟ್ ಮಾಡಿದ ಕಡೆ ಸಾವಿರಾರು ಬೇಸ್ ಹಾರಿಹೋಗುವುದನ್ನು 2018ರಲ್ಲಿ ತೋರಿಸಿದ್ದಾರೆ. ಅಂಥ ಪ್ರತಿಯಲ್ಲಿ ಪ್ರೈಮರ್ ಕೂರುವ ಜಾಗವೇ ಹೋಗಿರುತ್ತದೆ, ಹಾಗಾಗಿ ನಮ್ಮ 300 ಬೇಸ್ ಪಿಸಿಆರ್‌ಗೆ ಅದು ಕಾಣುವುದೇ ಇಲ್ಲ. ಇದಕ್ಕೇ ನಾನು ಈಗ ಐದಾರು ಸಾವಿರ ಬೇಸಿನ ಪಿಸಿಆರ್ ಮಾಡಿ ನ್ಯಾನೋಪೋರ್ ಸೀಕ್ವೆನ್ಸಿಂಗ್‌ಗೆ ಕೊಡುತ್ತೇನೆ. ಒಂದೊಂದು ಅಣುವನ್ನೂ ಉದ್ದಕ್ಕೆ ಓದುವುದರಿಂದ ಯಾವ ಬದಲಾವಣೆ ಯಾವ ಪ್ರತಿಯಲ್ಲಿದೆ ಅಂತ ಬೇರೆ ಬೇರೆಯಾಗಿ ಗೊತ್ತಾಗುತ್ತದೆ, ಸ್ಯಾಂಗರ್‌ನ ಹಾಗೆ ಎಲ್ಲ ಒಂದರ ಮೇಲೊಂದು ಬಿದ್ದಿರುವುದಿಲ್ಲ.

ಆದರೆ ಈ ಹುಡುಗಿಯ ತೊಂದರೆಗೆ ಬೇಸ್ ಎಡಿಟರ್ ಮದ್ದಲ್ಲ. 84ಕ್ಕಿಂತ ಮುಂಚೆ ಸ್ಟಾಪ್ ಹೇಗೆ ಹಾಕಿದರೂ ರೈಬೋಸೋಮ್ 84ರಲ್ಲಿ ಮತ್ತೆ ಶುರು ಮಾಡಬಹುದು. ಯಾವ ಉಪಕರಣ ಅನ್ನುವುದಕ್ಕಿಂತ ಎಲ್ಲಿ ಕೈ ಹಾಕುತ್ತೀರಿ ಅನ್ನುವುದೇ ಇಲ್ಲಿ ಮುಖ್ಯ.

ಕೋಶದ_ಹುಡುಗಿ (ಶನಿವಾರ ಸಂಜೆ)

ಫಲಿತಾಂಶ ಬಂತು. ನಿಧಾನವಾಗಿ ಬರೆಯುತ್ತೇನೆ.

ಮೈನಸ್ 80 ಫ್ರೀಜರಿನ ಕೆಳಗಿನ ರ‍್ಯಾಕಿನಲ್ಲಿ 5ನೇ ಪ್ಯಾಸೇಜಿನ ಲೈಸೇಟ್ ಸಿಕ್ಕಿತು. ಮುಚ್ಚಳದ ಮೇಲೆ ಬರೆದದ್ದು ಅರ್ಧ ಅಳಿಸಿತ್ತು, ಟ್ಯೂಬಿನ ಪಕ್ಕದಲ್ಲಿ ತಾರೀಕು ಬರೆದಿದ್ದರಿಂದ ಗುರುತು ಸಿಕ್ಕಿತು. ಅಕ್ಕ ಹೇಳಿದ ಹಾಗೆ 20 ಮೈಕ್ರೋಗ್ರಾಮ್ ಸಮವಾಗಿ ಹಾಕಿ ಓಡಿಸಿದೆ. 5ರಲ್ಲಿ 55ರ ಜಾಗ ಹೆಚ್ಚುಕಡಿಮೆ ಖಾಲಿ, ತುಂಬಾ ಹೊತ್ತು ಎಕ್ಸ್‌ಪೋಸ್ ಮಾಡಿದರೆ ಮಾತ್ರ ನೆರಳಿನ ಹಾಗೆ ಕಾಣುತ್ತದೆ. 12ರಲ್ಲಿ ಸ್ಪಷ್ಟವಾಗಿ ಇದೆ. ಟ್ಯೂಬುಲಿನ್ ಎರಡರಲ್ಲೂ ಸಮ. 46ರ ಬ್ಯಾಂಡ್ ಮಾತ್ರ 12ಕ್ಕಿಂತ 5ರಲ್ಲೇ ಜಾಸ್ತಿ. ಎಸ್‌ಐಆರ್‌ಎನ್‌ಎ ಹಾಕಿದ ಲೇನಿನಲ್ಲಿ 55 ಮತ್ತು 46 ಎರಡೂ ಇಳಿದವು. ಆರ್‌ಟಿ-ಪಿಸಿಆರ್‌ನಲ್ಲಿ ಎಕ್ಸಾನ್ ಬಿಟ್ಟ ಚಿಕ್ಕ ತುಂಡು ಇಲ್ಲ.

ಅಂದರೆ ಆಂಟಿಬಾಡಿ ಮೊದಲಿಂದಲೂ ನಿಜವನ್ನೇ ಹೇಳುತ್ತಿತ್ತು. ನಮ್ಮ ಪ್ರೊಫೆಸರ್‌ಗೆ ಬ್ಲಾಟ್ ತೋರಿಸಿದೆ. ತುಂಬಾ ಹೊತ್ತು ನೋಡಿ, ಸರಿ, ಇನ್ನೊಂದು ಸಲ ಮಾಡೋಣ ಅಂದರು. ಎರಡು ತಿಂಗಳು ಹೋಯಿತು ಅಂತ ಅಳು ಬಂದದ್ದು ನಿಜ. ಆದರೆ ಈ ಕ್ಲೋನ್ ಇಟ್ಟುಕೊಂಡು ಮಾಸ್ ಸ್ಪೆಕ್‌ಗೆ (ಪ್ರೊಟೀನ್‌ಗಳನ್ನು ತೂಕದಿಂದ ಗುರುತಿಸುವ ಯಂತ್ರ) ಸ್ಯಾಂಪಲ್ ಕೊಡಬೇಕೆಂದಿದ್ದೆ, ಅದಕ್ಕೆ ದಿನಾಂಕವೂ ಸಿಕ್ಕಿತ್ತು. ಸದ್ಯ, ಆ ಅನಾಹುತ ತಪ್ಪಿತು.

ಬ್ಲಾಟ್_ಅಕ್ಕ

ತಂಗಿ, ಇದನ್ನು ಓದಿ ಕಣ್ಣು ತುಂಬಿತು. ನನ್ನ ಪಿಎಚ್‌ಡಿಯಲ್ಲಿ ಹೀಗೇ ಮಿಶ್ರವಾದ ಒಂದು ಲೈನ್ ಮೇಲೆ ಒಂದೂವರೆ ವರ್ಷ ಕೆಲಸ ಮಾಡಿದ್ದೇನೆ. ಕೇಳಲು ಯಾರೂ ಇರಲಿಲ್ಲ. ಕೊನೆಗೆ ಆ ಅಧ್ಯಾಯವನ್ನೇ ಥೀಸಿಸ್‌ನಿಂದ ತೆಗೆಯಬೇಕಾಯಿತು.

ಈ ಸಲ ಹೀಗೆ ಮಾಡು. ಗೈಡನ್ನು 84ರ ಆಚೆ, ಕೆಲಸ ಮಾಡುವ ಭಾಗದ ಒಳಗೇ ಇಡು. ಅಲ್ಲಿ ಮೈನಸ್ 3 ಬಂದರೂ ಪ್ರೊಟೀನ್ ಕೆಡುವ ಸಾಧ್ಯತೆ ಜಾಸ್ತಿ. ಪ್ಲಾಸ್ಮಿಡ್ ಬದಲು ಕ್ಯಾಸ್9 ಪ್ರೊಟೀನ್ ಮತ್ತು ಗೈಡ್ ಆರ್‌ಎನ್‌ಎ ಬೆರೆಸಿ ಎಲೆಕ್ಟ್ರೋಪೊರೇಟ್ ಮಾಡು (ವಿದ್ಯುತ್ ಹೊಡೆತದಿಂದ ಕೋಶದೊಳಗೆ ಸೇರಿಸು), ಒಂದೆರಡು ದಿನದಲ್ಲಿ ಅದು ಕೋಶದಿಂದ ಹೋಗಿಬಿಡುತ್ತದೆ, ಬೇಡದ ಕಡೆ ಕಟ್ ಆಗುವುದೂ ಕಡಿಮೆ. ಎರಡು ಬೇರೆ ಗೈಡ್‌ಗಳಿಂದ ಒಂದೊಂದು ಕ್ಲೋನ್ ಇಟ್ಟುಕೋ. ಆಮೇಲೆ ಮರೆಯದೆ ರೆಸ್ಕ್ಯೂ ಮಾಡು. ಗೈಡ್ ಹಿಡಿಯದ ಹಾಗೆ ಬದಲಾಯಿಸಿದ ಸಿಡಿಎನ್‌ಎಯನ್ನು (ಆ ಜೀನಿನ ಎಂಆರ್‌ಎನ್‌ಎಯ ಡಿಎನ್‌ಎ ಪ್ರತಿ) ವಾಪಸ್ ಹಾಕಿದಾಗ ಕೋಶ ಮತ್ತೆ ಚುರುಕಾದರೆ, ಆಗ ಯಾರೂ ನಿನ್ನನ್ನು ಪ್ರಶ್ನೆ ಮಾಡುವ ಹಾಗಿಲ್ಲ.

ಹಳೇ ಕ್ಲೋನನ್ನು ಬಿಸಾಡಬೇಡ. 5ನೇ ಪ್ಯಾಸೇಜಿನ ವಯಲ್ ಕರಗಿಸಿ, ಒಂದೊಂದು ಕೋಶ ಬೇರೆ ಮಾಡಿ ಮತ್ತೆ ಸಬ್‌ಕ್ಲೋನ್ ಮಾಡು. 46ರ ತುಂಡು ಮಾತ್ರ ಇರುವ ಶುದ್ಧ ಲೈನ್ ಸಿಕ್ಕಿದರೆ, ಶುರುವಿನ 83 ಅಮೈನೋ ಆಸಿಡ್‌ಗಳಿಗೆ ಏನು ಕೆಲಸ ಅನ್ನುವ ಪ್ರಶ್ನೆಗೆ ಅದೇ ಉತ್ತರ. 46 ಉಳಿದೂ ಕೋಶ ನಿಧಾನವಾಗಿದೆ ಅಲ್ವಾ? ಯಾಕೆ ಅಂತ ಯೋಚನೆ ಮಾಡು.

ಕೋಶದ_ಹುಡುಗಿ

ಅಕ್ಕ, ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಆ ಶುರುವಿನ ಭಾಗದ ಬಗ್ಗೆ ಯಾರೂ ಏನೂ ಬರೆದಿಲ್ಲ, ಸುಮ್ನೆ ಉದ್ದಕ್ಕೆ ಇದೆ ಅಂತ ಎಲ್ಲರೂ ಬಿಟ್ಟಿದ್ದಾರೆ.

ಹೊಸ ಗೈಡ್ ಎರಡು ಆರ್ಡರ್ ಮಾಡಿದ್ದೇನೆ, ಎರಡೂ ಎಕ್ಸಾನ್ 4ರಲ್ಲಿ. 5ನೇ ಪ್ಯಾಸೇಜಿನ ವಯಲ್ ಇವತ್ತು ಮಧ್ಯಾಹ್ನ ಕರಗಿಸಿದೆ, ಕೋಶಗಳು ಚೆನ್ನಾಗಿ ಅಂಟಿಕೊಂಡಿವೆ. ಬುಧವಾರ ವೆಲ್‌ಗೆ 0.3 ಲೆಕ್ಕದಲ್ಲಿ ನಾಲ್ಕು ಪ್ಲೇಟ್ ಹಂಚುತ್ತೇನೆ. ಗುರುವಾರ ಬೆಳಿಗ್ಗೆ ಮೊದಲ ಕೆಲಸ ಮೈಕ್ರೋಸ್ಕೋಪ್, ವೆಲ್ ವೆಲ್ ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ. ಜೋಡಿ ಕೋಶ ಕಂಡರೆ ಹೇಳಿ, ಆ ವೆಲ್‌ಗೆ ಅಲ್ಲೇ ಗೆರೆ ಎಳೆದುಬಿಡುತ್ತೇನೆ.